ನೂಲಿನಲ್ಲಿ ಬರೆದ ಪಾತ್ರಗಳು: ಭಾನು ಅಥೈಯಾ ಅವರ ಕಲಾಯಾನ

ರಿಚರ್ಡ್ ಅಟೆನ್‌ಬರೊ ಅವರ ‘ಗಾಂಧಿ’ ಚಿತ್ರವನ್ನು ಒಮ್ಮೆ ಬಟ್ಟೆಗಳ ಮೇಲಷ್ಟೇ ಕಣ್ಣಿಟ್ಟು ನೋಡಬೇಕು. 1893ರ ದಕ್ಷಿಣ ಆಫ್ರಿಕಾ. ರೈಲಿನ ಮೊದಲ ದರ್ಜೆಯ ಬೋಗಿಯಲ್ಲಿ ಕೂತ ತರುಣ ಬ್ಯಾರಿಸ್ಟರ್ ಸೂಟು, ಗಂಜಿ ಹಾಕಿದ ಕಾಲರು, ಟೈ ತೊಟ್ಟಿದ್ದಾರೆ. 1915ರಲ್ಲಿ ಮುಂಬೈ ಬಂದರಿನಲ್ಲಿ ಹಡಗಿನಿಂದ ಇಳಿಯುವ ಹೊತ್ತಿಗೆ ಆ ಸೂಟು ಹೋಗಿ ಕಾಠಿಯಾವಾಡದ ಬಿಳಿಯ ಉಡುಪು ಬಂದಿದೆ, ತಲೆಗೆ ರುಮಾಲಿದೆ. ಇನ್ನಷ್ಟು ಹೊತ್ತಿಗೆ ಒಂದು ನದಿಯ ದಂಡೆ. ಮೈ ಮುಚ್ಚಲು ಸಾಲದ ಹರಕು ಸುತ್ತಿಕೊಂಡ ಬಡ ಹೆಂಗಸಿನ ಕಡೆಗೆ ಅವರು ತಮ್ಮ ಬಟ್ಟೆಯನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಆಮೇಲೆ ವಿದೇಶಿ ಬಟ್ಟೆಯ ರಾಶಿಗೆ ಬೆಂಕಿ ಬೀಳುತ್ತದೆ, ಚರಕ ತಿರುಗುತ್ತದೆ. ಕೊನೆಗೆ ಉಳಿಯುವುದು ಖಾದಿಯ ಒಂದು ತುಂಡುಪಂಚೆ, ಹೆಗಲ ಮೇಲೊಂದು ಹೊದಿಕೆ. ಒಬ್ಬ ಮನುಷ್ಯ ತನ್ನ ದೇಶವನ್ನು ಅರಿಯುತ್ತ ಹೋದ ಕಥೆಯನ್ನು ಆ ಚಿತ್ರ ಅವರ ಮೈಮೇಲಿನ ಬಟ್ಟೆ ಕಡಿಮೆಯಾಗುತ್ತ ಹೋದ ಕಥೆಯಾಗಿಯೂ ಹೇಳುತ್ತದೆ.

ಆ ಚಿತ್ರದ ಭಾರತೀಯ ಉಡುಪುಗಳನ್ನು ರೂಪಿಸಿದವರು ಭಾನು ಅಥೈಯಾ. 1983ರ ಏಪ್ರಿಲ್ 11ರಂದು ಲಾಸ್ ಏಂಜಲಿಸ್‌ನಲ್ಲಿ ನಡೆದ 55ನೇ ಆಸ್ಕರ್ ಸಮಾರಂಭದಲ್ಲಿ ಅವರು ಬ್ರಿಟನ್ನಿನ ಜಾನ್ ಮೊಲ್ಲೊ ಅವರೊಂದಿಗೆ ವಸ್ತ್ರವಿನ್ಯಾಸದ ಪ್ರಶಸ್ತಿ ಪಡೆದರು. ಆಸ್ಕರ್ ಗೆದ್ದ ಮೊದಲ ಭಾರತೀಯರಾದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರಿಗೆ ಈ ಒಂದು ಸಾಲು ಬಾಯಿಪಾಠ. ಆ ಸಾಲಿನಾಚೆಗಿನ ಬದುಕು ಅಷ್ಟೇನೂ ಗೊತ್ತಿಲ್ಲ. ಅವರು ಮೊದಲು ಚಿತ್ರಕಲಾವಿದೆ. ಆಮೇಲೆ ಪತ್ರಿಕೆಗಳಿಗೆ ಫ್ಯಾಷನ್ ರೇಖಾಚಿತ್ರ ಬರೆದವರು, ಬೊಟಿಕ್ಕಿಗೆ ಉಡುಪು ಹೊಲಿಸಿದವರು, ನೂರಕ್ಕೂ ಹೆಚ್ಚು ಚಲನಚಿತ್ರಗಳ ಪಾತ್ರಗಳಿಗೆ ಬಟ್ಟೆ ತೊಡಿಸಿದವರು, ಕೊನೆಗೆ ತಮ್ಮ ವಿದ್ಯೆಯನ್ನು ಪುಸ್ತಕವಾಗಿಸಿದವರು. ಮೇಲ್ನೋಟಕ್ಕೆ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋದ ಹಾಗೆ ಕಾಣುವ ಈ ದಾರಿಯಲ್ಲಿ ಹಿಂದಿನ ವಿದ್ಯೆ ಮುಂದಿನದಕ್ಕೆ ಬಂಡವಾಳವಾಗುತ್ತಲೇ ಬಂತು. ಅವರ ಸಿನಿಮಾ ಉಡುಪುಗಳು ಇಂದಿಗೂ ಹಳತಾಗಿ ಕಾಣದಿರುವುದಕ್ಕೆ ಕಾರಣ ಅಲ್ಲಿದೆ ಎಂಬುದು ನನ್ನ ನಂಬಿಕೆ.

ಚಿತ್ರಕಾರರ ಊರು

ಬೆಳಗಾವಿಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ನಿಪ್ಪಾಣಿ ದಾಟಿದ ಮೇಲೆ ಸಿಗುವ ದೊಡ್ಡ ಊರು ಕೊಲ್ಲಾಪುರ. ಮಹಾಲಕ್ಷ್ಮಿಯ ಗುಡಿಗೆ, ಕುಸ್ತಿಗೆ, ಚಪ್ಪಲಿಗೆ ಹೆಸರಾದ ಈ ಊರಿನಲ್ಲಿ ಸಿನಿಮಾವನ್ನು ಕಟ್ಟಿದವರು ಚಿತ್ರಕಾರರು. ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ ಬಾಬುರಾವ್ ಪೇಂಟರ್ ಇಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸ್ಥಾಪಿಸಿ 1920ರಲ್ಲಿ ‘ಸೈರಂಧ್ರಿ’ಯನ್ನು ತೆರೆಗೆ ತಂದರು. ಕುಂಚ ಹಿಡಿದ ಕೈಯೇ ಕ್ಯಾಮೆರಾದ ಮುಂದಿನ ಲೋಕವನ್ನೂ ಸಿದ್ಧಪಡಿಸುತ್ತಿತ್ತು. ಅವರ ಕಂಪನಿಯಲ್ಲಿ ಪಳಗಿದ ವಿ. ಶಾಂತಾರಾಂ ಮತ್ತು ಗೆಳೆಯರು 1929ರಲ್ಲಿ ಇದೇ ಊರಿನಲ್ಲಿ ಪ್ರಭಾತ್ ಫಿಲ್ಮ್ ಕಂಪನಿ ಆರಂಭಿಸಿದರು. ಅದು ಪುಣೆಗೆ ಸ್ಥಳಾಂತರಗೊಂಡದ್ದು 1933ರಲ್ಲಿ.

ಪ್ರಭಾತ್ ಹುಟ್ಟಿದ ವರ್ಷವೇ, ಏಪ್ರಿಲ್ 28ರಂದು, ಕೊಲ್ಲಾಪುರದಲ್ಲಿ ಭಾನುಮತಿ ರಾಜೋಪಾಧ್ಯೆ, ಅಂದರೆ ಮುಂದಿನ ಭಾನು ಅಥೈಯಾ, ಹುಟ್ಟಿದರು. ಅಣ್ಣಾಸಾಹೇಬ್ ಮತ್ತು ಶಾಂತಾಬಾಯಿ ದಂಪತಿಯ ಏಳು ಮಕ್ಕಳಲ್ಲಿ ಮೂರನೆಯವರು. ತಂದೆ ಸ್ವತಃ ಚಿತ್ರಕಾರರು. ಮಗಳು ಚಿಕ್ಕವಳಿರುವಾಗಲೇ ಅವರು ತೀರಿಕೊಂಡರು; ಮಗಳ ಕೈಗೆ ಬಂದ ಚಿತ್ರಕಲೆ ಮಾತ್ರ ಉಳಿಯಿತು. ಚಿತ್ರ ಬರೆಯುವುದು ಒಂದು ಲೋಕ, ಸಿನಿಮಾ ಇನ್ನೊಂದು ಲೋಕ ಎಂದು ಗೆರೆ ಎಳೆಯುವ ಪರಿಸರದಲ್ಲಿ ಅವರು ಬೆಳೆಯಲಿಲ್ಲ. ಕೊಲ್ಲಾಪುರದ ಮಟ್ಟಿಗೆ ಪೇಂಟರ್ ಎಂಬ ಹೆಸರು ಹೊತ್ತವರೇ ಸಿನಿಮಾದ ಗುರುಗಳು. ಮುಂದೆ ಮುಂಬೈಯ ಕಲಾವಲಯ ಅವರನ್ನು ‘ಸಿನಿಮಾಕ್ಕೆ ಹೋದ ಚಿತ್ರಕಾರ್ತಿ’ ಎಂದು ಮರೆತಾಗಲೂ ಅವರೊಳಗೆ ಆ ಎರಡು ಬೇರೆಯಾಗದೆ ಉಳಿದದ್ದಕ್ಕೆ ಈ ಊರಿನ ನೆಲೆಯೂ ಒಂದು ಕಾರಣವಿರಬೇಕು.

ಮುಂಬೈ: ಕ್ಯಾನ್ವಾಸು, ಪತ್ರಿಕೆ, ಬೊಟಿಕ್

ಚಿತ್ರಕಲೆ ಕಲಿಯಲು ಭಾನು ಸೇರಿದ್ದು ಮುಂಬೈಯ ಸರ್ ಜೆ.ಜೆ. ಕಲಾಶಾಲೆಯನ್ನು. ನಮ್ಮ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರು ಕಲಿತು, 1940ರ ದಶಕದ ಮೊದಲರ್ಧದಲ್ಲಿ ಕಲಿಸಿಯೂ ಇದ್ದ ಶಾಲೆ ಅದು. ‘ಲೇಡಿ ಇನ್ ರಿಪೋಸ್’ ಎಂಬ ಕೃತಿಗಾಗಿ 1951ರಲ್ಲಿ ಭಾನು ಅಲ್ಲಿ ಚಿನ್ನದ ಪದಕ ಪಡೆದರು. ಸ್ವಾತಂತ್ರ್ಯದ ವರ್ಷದಲ್ಲಿ ಸೌಜಾ, ರಜಾ, ಹುಸೇನ್, ಆರಾ, ಬಾಕ್ರೆ, ಗಾಡೆ ಸೇರಿ ಕಟ್ಟಿದ್ದ ಪ್ರೋಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್ ಆಗ ಭಾರತೀಯ ಚಿತ್ರಕಲೆಯ ದಿಕ್ಕನ್ನೇ ಬದಲಿಸುತ್ತಿತ್ತು. 1953ರಲ್ಲಿ ಆ ಗುಂಪು ನಡೆಸಿದ ಪ್ರದರ್ಶನದಲ್ಲಿ ಭಾನು ರಾಜೋಪಾಧ್ಯೆಯವರ ಕೃತಿಗಳೂ ಇದ್ದವು. ಆ ಬಳಗದೊಂದಿಗೆ ಚಿತ್ರ ತೂಗಿಹಾಕಿದ ಏಕೈಕ ಮಹಿಳೆ ಅವರು. ಹುಸೇನ್ ಮತ್ತು ಅದೇ ಬಳಗದ ಗಾಯ್ತೊಂಡೆ ಅವರ ಕ್ಯಾನ್ವಾಸುಗಳು ಮುಂದೆ ಕೋಟಿಗಟ್ಟಲೆ ಬೆಲೆ ಬಾಳಿದವು. ಇಪ್ಪತ್ತನಾಲ್ಕರ ಈ ಯುವತಿಯ ಹೆಸರು ಕಲಾ ಇತಿಹಾಸದ ಪುಟಗಳಿಂದ ಬಹುಕಾಲ ಹೊರಗೇ ಉಳಿಯಿತು.

ಚಿತ್ರ ಮಾರಿ ಹೊಟ್ಟೆ ಹೊರೆಯುವುದು ಆ ದಿನಗಳಲ್ಲಿ ಸುಲಭವಿರಲಿಲ್ಲ. ಹುಸೇನರೇ ವರ್ಷಗಟ್ಟಲೆ ಸಿನಿಮಾ ಹೋರ್ಡಿಂಗ್ ಬರೆದವರು, ಆಟಿಕೆಗಳ ವಿನ್ಯಾಸ ಮಾಡಿದವರು. ಭಾನು ಹಿಡಿದದ್ದು ಮಹಿಳಾ ಪತ್ರಿಕೆಗಳ ದಾರಿ. ‘ಫ್ಯಾಷನ್ ಅಂಡ್ ಬ್ಯೂಟಿ’, ‘ಈವ್ಸ್ ವೀಕ್ಲಿ’ ಪತ್ರಿಕೆಗಳಿಗೆ ಉಡುಪಿನ ರೇಖಾಚಿತ್ರ ಬರೆದುಕೊಟ್ಟರು. ಸಿದ್ಧ ಉಡುಪಿನ ಮಳಿಗೆಗಳು ಅಪರೂಪವಾಗಿದ್ದ ಕಾಲವದು. ಓದುಗರು ಪತ್ರಿಕೆಯ ಹಾಳೆಯನ್ನೇ ದರ್ಜಿಯ ಮುಂದೆ ಹಿಡಿದು ‘ಹೀಗೇ ಹೊಲಿದುಕೊಡಿ’ ಎನ್ನುತ್ತಿದ್ದರು. ಅಂಥ ಚಿತ್ರ ಚೆಂದವಿದ್ದರೆ ಸಾಲದು. ನೆರಿಗೆ ಎಲ್ಲಿಂದ ಹುಟ್ಟುತ್ತದೆ, ತೋಳು ಎಲ್ಲಿ ಕೂಡುತ್ತದೆ, ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆ ಎಂಬುದು ನಾಲ್ಕಾರು ಗೆರೆಗಳಲ್ಲಿ ಸ್ಪಷ್ಟವಾಗಬೇಕು. ಕಲಾಶಾಲೆಯಲ್ಲಿ ದೇಹದ ರಚನೆಯನ್ನು ಅಭ್ಯಾಸ ಮಾಡಿದ ಕೈಗೆ ಇದು ಇನ್ನೊಂದು ಬಗೆಯ ತಾಲೀಮು.

‘ಈವ್ಸ್ ವೀಕ್ಲಿ’ಯ ಸಂಪಾದಕಿ ಬೊಟಿಕ್ ತೆರೆದಾಗ ಭಾನು ಅವರನ್ನು ಕರೆದು, ಕಾಗದದ ಮೇಲಿನ ಉಡುಪುಗಳನ್ನು ಬಟ್ಟೆಯಲ್ಲಿ ಮಾಡಿನೋಡಲು ಹೇಳಿದರು. ಗೆರೆ ಬಟ್ಟೆಯಾಗುವಾಗ ಎದುರಾಗುವ ಪ್ರಶ್ನೆಗಳೇ ಬೇರೆ. ರೇಷ್ಮೆ ಬೀಳುವ ಬಗೆ ಹತ್ತಿಗಿಲ್ಲ, ಜರಿಯಂಚಿನ ಭಾರ ಸೆರಗನ್ನು ಎಳೆಯುತ್ತದೆ, ನೇಯ್ಗೆಗೆ ಓರೆಯಾಗಿ ಕತ್ತರಿಸಿದರೆ ಬಟ್ಟೆ ಹಿಗ್ಗುತ್ತದೆ. ಇವೆಲ್ಲ ಕತ್ತರಿ ಹಿಡಿದವರ ಪಕ್ಕದಲ್ಲಿ ನಿಂತೇ ತಿಳಿಯಬೇಕಾದ ಸಂಗತಿಗಳು. ಆ ಬೊಟಿಕ್ಕಿಗೆ ಕಾಮಿನಿ ಕೌಶಲ್, ನರ್ಗಿಸ್‌ರಂಥ ನಟಿಯರು ಬರತೊಡಗಿದರು. ಅಲ್ಲಿಂದ ಸ್ಟುಡಿಯೊಗೆ ದಾರಿ ದೂರವಿರಲಿಲ್ಲ. ರಾಜ್ ಕಪೂರರ ‘ಶ್ರೀ 420’ ಚಿತ್ರದಲ್ಲಿ (1955) ಮಾಯಾ ಪಾತ್ರದ ನಾದಿರಾ ಕೈಯಲ್ಲಿ ಸಿಗರೇಟು ಕೊಳವೆ ಹಿಡಿದು, ಮೈಗಂಟಿದ ಉದ್ದನೆಯ ಗೌನಿನಲ್ಲಿ ನಿಂತ ಭಂಗಿಯೊಂದೇ ಸಾಕು, ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಪ್ಪು–ಬಿಳುಪಿನಲ್ಲಿ ಬಣ್ಣ ಹುಡುಕುವುದು

ಭಾನು ಅವರ ವೃತ್ತಿಗೆ ಗಟ್ಟಿ ತಳಪಾಯ ಸಿಕ್ಕಿದ್ದು ಗುರುದತ್ ಅವರ ಬಳಗದಲ್ಲಿ. 1956ರ ‘ಸಿ.ಐ.ಡಿ.’ಯಿಂದ ಶುರುವಾದ ಈ ಸಹವಾಸ ‘ಪ್ಯಾಸಾ’ (1957), ‘ಚೌದ್ವೀ ಕಾ ಚಾಂದ್’ (1960), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಚಿತ್ರಗಳವರೆಗೆ ನಡೆಯಿತು. ಕನ್ನಡಿಗರು ಈ ಬಳಗವನ್ನು ಅಭಿಮಾನದಿಂದ ನೆನೆಯಲು ಕಾರಣವಿದೆ. ಗುರುದತ್ ಪಡುಕೋಣೆ ಹುಟ್ಟಿದ್ದು ಬೆಂಗಳೂರಿನಲ್ಲಿ. ಅವರ ಛಾಯಾಗ್ರಾಹಕ ವಿ.ಕೆ. ಮೂರ್ತಿ ಮೈಸೂರಿನವರು, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದವರು. ‘ಸಿ.ಐ.ಡಿ.’, ‘ಪ್ಯಾಸಾ’, ‘ಸಾಹಿಬ್ ಬೀಬಿ ಔರ್ ಗುಲಾಮ್’ ಮೂರೂ ಅವರ ಕ್ಯಾಮೆರಾದವು. ಮೂರ್ತಿಯವರ ಬೆಳಕು ಬೀಳುತ್ತಿದ್ದುದು ಭಾನು ಆರಿಸಿದ ಬಟ್ಟೆಯ ಮೇಲೆ.

ಕಪ್ಪು–ಬಿಳುಪು ಚಿತ್ರಕ್ಕೆ ಉಡುಪು ರೂಪಿಸುವುದು ಕಠಿಣ ವಿದ್ಯೆ. ಕಣ್ಣಿಗೆ ಪೂರ್ತಿ ಬೇರೆಯಾಗಿ ಕಾಣುವ ಕೆಂಪು ಮತ್ತು ಹಸಿರು ಫಿಲ್ಮಿನ ಮೇಲೆ ಒಂದೇ ಬೂದುಬಣ್ಣವಾಗಿ ಬೆರೆತುಹೋಗಬಹುದು. ಅಚ್ಚಬಿಳುಪು ದೀಪದ ಕೆಳಗೆ ಕಣ್ಣು ಕುಕ್ಕುತ್ತದೆ, ಅದರ ಹತ್ತಿರದ ಮುಖವನ್ನು ಮಂಕಾಗಿಸುತ್ತದೆ. ಬಣ್ಣದ ಸಹಾಯವಿಲ್ಲದಾಗ ಪಾತ್ರವನ್ನು ಹಿನ್ನೆಲೆಯಿಂದ ಬೇರೆಮಾಡಿ ತೋರಿಸಬೇಕಾದದ್ದು ಬಟ್ಟೆಯ ಗಾಢತೆ, ಹೊಳಪು, ನೇಯ್ಗೆಯ ಒರಟು ಅಥವಾ ನಯ. ಇದ್ದಿಲಿನಲ್ಲಿ ಚಿತ್ರ ಬರೆದು ಅಭ್ಯಾಸವಿದ್ದವರಿಗೆ ಇದು ಹೊಸ ಭಾಷೆಯಲ್ಲ. ಎಲ್ಲಿ ಕಪ್ಪು ಗಾಢವಾಗಬೇಕು, ಎಲ್ಲಿ ಕಾಗದದ ಬಿಳುಪನ್ನು ಹಾಗೇ ಬಿಡಬೇಕು ಎಂಬುದೇ ಅಲ್ಲಿನ ಮೊದಲ ಪಾಠ.

‘ಪ್ಯಾಸಾ’ದಲ್ಲಿ ಮಾಲಾ ಸಿನ್ಹಾ ಅವರ ಮೀನಾ ಸಿರಿವಂತ ಪ್ರಕಾಶಕನ ಹೆಂಡತಿ. ವಹೀದಾ ರೆಹಮಾನರ ಗುಲಾಬೋ ಬೀದಿಯ ಬದುಕಿನವಳು. ಕವಿ ವಿಜಯನ ನೆನಪಿನ ಹಾಡಿನಲ್ಲಿ ಮೀನಾ ಮಂಜಿನ ನಡುವೆ ಅಗಲವಾದ ಗೌನು ಬೀಸುತ್ತ ಬರುತ್ತಾಳೆ. ಅವನ ಪಾಲಿಗೆ ಆ ಪ್ರೀತಿ ಎಷ್ಟು ಎಟುಕದ್ದು ಎಂದು ಆ ಗೌನು ಹೇಳುತ್ತದೆ. ಗುಲಾಬೋಳ ಸಾದಾ ಸೀರೆಯಲ್ಲಿ ಅಂಥ ಅಲಂಕಾರ ಇಲ್ಲ. ಕವಿಯ ಹಸ್ತಪ್ರತಿಯನ್ನು ಎದೆಗವಚಿ ಕಾಯ್ದುಕೊಂಡವಳು ಅವಳೇ. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಆ ಚಿತ್ರದ ದೊಡ್ಡ ಪ್ರಶ್ನೆಗೆ ಈ ಎರಡು ಉಡುಪುಗಳ ಅಂತರವೂ ಉತ್ತರ ಕೊಡುತ್ತದೆ.

‘ಸಾಹಿಬ್ ಬೀಬಿ ಔರ್ ಗುಲಾಮ್’ ಹತ್ತೊಂಬತ್ತನೇ ಶತಮಾನದ ಕೊನೆಯ ಕಲ್ಕತ್ತೆಯ ಕಥೆ, ಬಿಮಲ್ ಮಿತ್ರರ ಕಾದಂಬರಿಯಿಂದ ಬಂದದ್ದು. ಕುಸಿಯುತ್ತಿರುವ ಜಮೀನ್ದಾರಿ ಮನೆಯ ಛೋಟಿ ಬಹು ಮೀನಾ ಕುಮಾರಿ. ಗಂಡ ಮನೆಯಲ್ಲಿ ಉಳಿಯಲಿ ಎಂಬ ಒಂದೇ ಆಸೆಯಿಂದ ಆಕೆ ಸಿಂಗರಿಸಿಕೊಳ್ಳುವ ಹಾಡಿನಲ್ಲಿ ಸೀರೆ, ಒಡವೆ, ಕುಂಕುಮ ಒಂದೊಂದಾಗಿ ಮೈಗೇರುತ್ತವೆ. ಸಿರಿವಂತಿಕೆ ಹೆಚ್ಚಿದಷ್ಟೂ ಒಂಟಿತನ ಹೆಚ್ಚುತ್ತದೆ. ಅದೇ ಚಿತ್ರದ ಜಬಾ ಬ್ರಾಹ್ಮೋ ಸಮಾಜದ ಮನೆಯ ಓದಿದ ಹುಡುಗಿ; ಅವಳ ಉಡುಪಿನಲ್ಲಿ ಆ ಭಾರವಿಲ್ಲ. ಒಂದೇ ಊರು, ಒಂದೇ ಕಾಲ, ಇಬ್ಬರೂ ಸೀರೆಯುಟ್ಟವರು. ಆದರೂ ಒಬ್ಬಳದು ಮುಗಿಯುತ್ತಿರುವ ಲೋಕ, ಇನ್ನೊಬ್ಬಳದು ಹುಟ್ಟುತ್ತಿರುವ ಲೋಕ. ಸೀರೆಯೆಂದರೆ ಒಂದೇ ಬಗೆಯ ಉಡುಪು ಎಂದುಕೊಂಡವರಿಗೆ ಈ ಚಿತ್ರ ಒಳ್ಳೆಯ ಪಾಠ.

ಅಜಂತಾ ಗೋಡೆಯಿಂದ ಮುಂಬೈ ಪಾರ್ಟಿಯವರೆಗೆ

1960ರ ದಶಕದಲ್ಲಿ ಹಿಂದಿ ಸಿನಿಮಾದಲ್ಲಿ ಬಣ್ಣ ವ್ಯಾಪಕವಾಯಿತು. ಭಾನು ಒಂದೇ ಹೊತ್ತಿಗೆ ಎರಡು ವಿರುದ್ಧ ದಿಕ್ಕಿನಲ್ಲಿ ದುಡಿದರು. ಒಂದು ಕಡೆ ಪ್ರಾಚೀನ ಭಾರತ, ಇನ್ನೊಂದು ಕಡೆ ಅಂದಂದಿನ ಮುಂಬೈ.

ಲೇಖ್ ಟಂಡನ್ ನಿರ್ದೇಶನದ ‘ಆಮ್ರಪಾಲಿ’ (1966) ವೈಶಾಲಿಯ ನರ್ತಕಿ ಮತ್ತು ಮಗಧದ ಅಜಾತಶತ್ರುವಿನ ಕಥೆ. ವೈಜಯಂತಿಮಾಲಾ ಅವರ ಉಡುಪಿಗೆ ಭಾನು ಆಧಾರ ಹುಡುಕಿದ್ದು ಅಜಂತಾದ ಭಿತ್ತಿಚಿತ್ರಗಳಲ್ಲಿ. ಆ ಚಿತ್ರಗಳಲ್ಲಿ ಬಟ್ಟೆ ಹೊಲಿದದ್ದು ಕಡಿಮೆ, ಸುತ್ತಿದ್ದೇ ಹೆಚ್ಚು. ಸೊಂಟದಿಂದ ಕೆಳಗೆ ಅಂತರೀಯ, ಮೇಲೆ ಉತ್ತರೀಯ, ಎದೆಗೊಂದು ಪಟ್ಟಿ, ನಡುವಿಗೆ ಡಾಬು. ಗೋಡೆಯ ಮೇಲಿನ ಹೆಣ್ಣು ಅಲುಗಾಡುವುದಿಲ್ಲ. ಸಿನಿಮಾದ ನರ್ತಕಿ ಗಿರಕಿ ಹೊಡೆಯಬೇಕು, ಕುಳಿತೇಳಬೇಕು, ಒಂದೇ ದೃಶ್ಯವನ್ನು ಹತ್ತಾರು ಸಲ ಅಭಿನಯಿಸಬೇಕು. ಪ್ರತಿ ಸಲವೂ ನೆರಿಗೆ ಅದೇ ಜಾಗದಲ್ಲಿ ಕೂತಿರಬೇಕು. ನೋಡುವವರಿಗೆ ಸುತ್ತಿದ ಬಟ್ಟೆಯಂತೆಯೇ ಕಂಡು, ತೊಟ್ಟವರಿಗೆ ಹೊಲಿದ ಉಡುಪಿನ ಭದ್ರತೆ ಕೊಡಬೇಕಾದ ಸವಾಲು ಅದು. ಭಾನು ಅದನ್ನು ಗೆದ್ದ ರೀತಿಯಿಂದ ತೆರೆಯ ಮೇಲಿನ ‘ಪ್ರಾಚೀನ ಭಾರತ’ಕ್ಕೆ ಒಂದು ಮಾದರಿಯೇ ಸಿದ್ಧವಾಯಿತು. ಇಂದಿನ ಪೌರಾಣಿಕ ಧಾರಾವಾಹಿಗಳ ನರ್ತಕಿಯರ ವೇಷದಲ್ಲಿ, ಶಾಲಾ ವಾರ್ಷಿಕೋತ್ಸವಗಳ ನೃತ್ಯರೂಪಕಗಳಲ್ಲಿ ಅದರ ಛಾಯೆಯನ್ನು ಈಗಲೂ ಕಾಣಬಹುದು.

ಅದಕ್ಕೂ ಒಂದು ವರ್ಷ ಮೊದಲು ಯಶ್ ಚೋಪ್ರಾ ಅವರ ‘ವಕ್ತ್’ ಬಂದಿತ್ತು. ಅದರಲ್ಲಿ ಸಾಧನಾ ತೊಟ್ಟ ಮೈಯಳತೆಯ ಕುರ್ತಾ, ಬಿಗಿ ಚೂಡಿದಾರ ದೇಶದ ಕಾಲೇಜು ಹುಡುಗಿಯರ ಕಪಾಟಿಗೆ ಬಂದವು. ‘ಬ್ರಹ್ಮಚಾರಿ’ಯಲ್ಲಿ (1968) ಶಮ್ಮಿ ಕಪೂರರೊಂದಿಗೆ ಕುಣಿಯುವ ಮುಮ್ತಾಜ್‌ಗೆ ಕಿತ್ತಳೆ ಬಣ್ಣದ ಸೀರೆ. ಅಷ್ಟು ಬಿರುಸಾದ ಕುಣಿತದಲ್ಲಿ ಉಟ್ಟ ಸೀರೆ ಸಡಿಲಾಗದೆ ಇರಲಾರದು. ಆದ್ದರಿಂದ ನೆರಿಗೆಗಳನ್ನು ಮೊದಲೇ ಹೊಲಿದು, ಕಾಣದ ಹಾಗೆ ಜಿಪ್ ಇಟ್ಟು, ಲಂಗ ತೊಟ್ಟಂತೆ ತೊಡುವ ಸೀರೆಯನ್ನು ರೂಪಿಸಿದರು. ‘ಮುಮ್ತಾಜ್ ಸೀರೆ’ ಎಂದೇ ಅದು ಹೆಸರಾಯಿತು. ಇವತ್ತು ಮದುವೆ ಮನೆಗಳಲ್ಲಿ ‘ರೆಡಿ ಸೀರೆ’ ಉಟ್ಟು ಓಡಾಡುವ ಹುಡುಗಿಯರಿಗೆ ಈ ಹಳೆಯ ನಂಟು ಗೊತ್ತಿದ್ದರೆ ಚೆನ್ನ.

ಬೇಡಿಕೆ ಇದ್ದ ಕಡೆ ಮೆರುಗಿನ ಉಡುಪನ್ನೂ ಅವರು ಅಷ್ಟೇ ಶ್ರದ್ಧೆಯಿಂದ ಮಾಡಿದರು. ರಾಜ್ ಕಪೂರರ ‘ಸಂಗಮ್’, ‘ಸತ್ಯಂ ಶಿವಂ ಸುಂದರಂ’ ಕೂಡ ಅವರವೇ. ಗುರುದತ್ತರ ಸಂಯಮ, ರಾಜ್ ಕಪೂರರ ಶೃಂಗಾರ, ಯಶ್ ಚೋಪ್ರಾರ ನಗರಜೀವನದ ಥಳಕು ಮೂರಕ್ಕೂ ಒಂದೇ ಕೈ ಒಗ್ಗಿಕೊಂಡಿತು. ಚಿತ್ರಕಲಾವಿದರಿಗೆ ತಮ್ಮದೇ ಶೈಲಿ ಎಂಬುದೊಂದು ದೊ‌ಡ್ಡ ಆಸ್ತಿ. ವಸ್ತ್ರವಿನ್ಯಾಸಕರು ತಮ್ಮ ಶೈಲಿಯನ್ನು ಹಿಂದಕ್ಕೆ ಸರಿಸಿ ಪಾತ್ರವನ್ನು ಮುಂದೆ ತರಬೇಕು. ಕ್ಯಾನ್ವಾಸಿನ ಮೂಲೆಯಲ್ಲಿ ಸಹಿ ಹಾಕುವ ಹಕ್ಕಿದ್ದ ಒಬ್ಬ ಕಲಾವಿದೆ ಸಹಿಯಿಲ್ಲದ ಈ ಕಲೆಯನ್ನು ಐವತ್ತು ವರ್ಷ ನಡೆಸಿದರು ಎಂಬುದನ್ನು ಗೌರವದಿಂದ ನೆನೆಯಬೇಕು.

ಮೂರು ಲಕ್ಷ ಜನ, ಒಂದು ಪಂಚೆ

‘ಗಾಂಧಿ’ ಮಾಡಲು ಅಟೆನ್‌ಬರೊ ಹತ್ತಿರಹತ್ತಿರ ಎರಡು ದಶಕ ಹೆಣಗಿದ್ದರು. ಭಾನು ಅವರ ಹೆಸರನ್ನು ಸೂಚಿಸಿದವರು ನಟಿ ಸಿಮಿ ಗರೇವಾಲ್. ಸಿಮಿ ನಟಿಸಿದ್ದ ಕಾನ್ರಾಡ್ ರೂಕ್ಸ್ ಅವರ ‘ಸಿದ್ಧಾರ್ಥ’ (1972) ಚಿತ್ರಕ್ಕೆ ಭಾನು ಉಡುಪು ರೂಪಿಸಿದ್ದರು. ಚಿತ್ರ ಕಟ್ಟಲು ಅಷ್ಟು ವರ್ಷ ತೆಗೆದುಕೊಂಡ ಅಟೆನ್‌ಬರೊ, ಭಾನು ಅವರೇ ಸರಿಯಾದವರು ಎಂದು ಕೆಲವೇ ನಿಮಿಷಗಳ ಭೇಟಿಯಲ್ಲಿ ನಿರ್ಧರಿಸಿದರು. ಚಿತ್ರೀಕರಣ 1980ರ ನವೆಂಬರಿನಲ್ಲಿ ಶುರುವಾಗಿ 1981ರ ಮೇ ತಿಂಗಳಲ್ಲಿ ಮುಗಿಯಿತು.

ಕೆಲಸ ಹಂಚಿಕೆಯಾಗಿತ್ತು. ಬ್ರಿಟಿಷ್ ಉಡುಪು, ಸೈನಿಕ ಸಮವಸ್ತ್ರಗಳ ಹೊಣೆ ಜಾನ್ ಮೊಲ್ಲೊ ಅವರದು. ‘ಸ್ಟಾರ್ ವಾರ್ಸ್’ಗಾಗಿ ಆಗಲೇ ಆಸ್ಕರ್ ಗೆದ್ದಿದ್ದ ಅವರು ಸೈನಿಕ ಸಮವಸ್ತ್ರಗಳ ಇತಿಹಾಸಕಾರರೂ ಹೌದು. ಸಮವಸ್ತ್ರಕ್ಕೆ ಲಿಖಿತ ನಿಯಮಾವಳಿ ಇರುತ್ತದೆ. ಯಾವ ದರ್ಜೆಗೆ ಯಾವ ಗುಂಡಿ, ಯಾವ ಪಟ್ಟಿ ಎಂದು ಕಡತ ನೋಡಿ ಹೇಳಬಹುದು. ಭಾನು ಅವರ ಪಾಲಿಗೆ ಬಂದ ಭಾರತಕ್ಕೆ ಅಂಥ ಕಡತವಿಲ್ಲ. ಕಥೆ 1893ರಿಂದ 1948ರವರೆಗೆ, ಐವತ್ತೈದು ವರ್ಷ ಹರಡಿದೆ. ಅದರಲ್ಲಿ ಚಂಪಾರಣ್ಯದ ನೀಲಿ ಬೆಳೆಯುವ ರೈತರಿದ್ದಾರೆ, 1919ರ ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಸೇರಿದ ಸಂಸಾರಗಳಿವೆ, 1930ರ ದಂಡಿಯ ಹಾದಿಯ ಗುಜರಾತಿಗಳಿದ್ದಾರೆ, ದೇಶವಿಭಜನೆಯ ನಿರಾಶ್ರಿತರಿದ್ದಾರೆ. ರುಮಾಲು ಸುತ್ತುವ ರೀತಿ, ಕಚ್ಚೆ ಹಾಕುವ ಬಗೆ, ಸೆರಗು ಎಡಕ್ಕೋ ಬಲಕ್ಕೋ ಎಂಬುದು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ, ಜಾತಿಯಿಂದ ಜಾತಿಗೆ ಬದಲಾಗುತ್ತದೆ. ನೆಹರೂ, ಪಟೇಲ್, ಜಿನ್ನಾ ಮೂವರೂ ಬ್ಯಾರಿಸ್ಟರುಗಳು. ಮೂವರ ಬಟ್ಟೆಯೂ ಬೇರೆ ಬೇರೆ ರಾಜಕೀಯ ನುಡಿಯುತ್ತದೆ. ಹಳೆಯ ಛಾಯಾಚಿತ್ರಗಳು ಆಕಾರ ತೋರಿಸಬಲ್ಲವು. ಬಣ್ಣ, ನೇಯ್ಗೆ, ತೂಕವನ್ನು ಭಾರತದ ಬಟ್ಟೆಗಳ ಒಡನಾಟದಿಂದಲೇ ಪಡೆಯಬೇಕು.

ಇನ್ನೊಂದು ಸೂಕ್ಷ್ಮವಿದೆ. ಹೊಸ ಬಟ್ಟೆ ಕ್ಯಾಮೆರಾದ ಮುಂದೆ ಸುಳ್ಳು ಹೇಳುತ್ತದೆ. ಹೊಲದಲ್ಲಿ ದುಡಿಯುವವನ ಅಂಗಿ ಹೆಗಲಿನಲ್ಲಿ ಮಾಸಿರಬೇಕು, ಮೊಣಕೈಯಲ್ಲಿ ತೆಳುವಾಗಿರಬೇಕು, ಅಂಚಿನಲ್ಲಿ ನೂಲು ಬಿಟ್ಟಿರಬೇಕು. ಇದಕ್ಕಾಗಿ ಬಟ್ಟೆಯನ್ನು ಮತ್ತೆ ಮತ್ತೆ ಒಗೆಯುತ್ತಾರೆ, ಚಹಾದ ನೀರಿನಲ್ಲಿ ಅದ್ದುತ್ತಾರೆ, ಮರಳುಕಾಗದದಿಂದ ಉಜ್ಜುತ್ತಾರೆ. ಖಾದಿಯ ವಿಷಯದಲ್ಲಿ ಈ ಎಚ್ಚರ ಇನ್ನೂ ಮುಖ್ಯ. ಕೈನೂಲಿನ ಬಿಳುಪು ಗಿರಣಿ ಬಟ್ಟೆಯ ಬಿಳುಪಲ್ಲ. ಅದರಲ್ಲಿ ಹತ್ತಿಯ ಹಳದಿ ಇರುತ್ತದೆ, ಎಳೆ ದಪ್ಪ–ತೆಳುವಾಗಿ ಓಡುತ್ತದೆ. 1921ರ ಸೆಪ್ಟೆಂಬರಿನಲ್ಲಿ ಮಧುರೆಯಲ್ಲಿ ಗಾಂಧೀಜಿ ತುಂಡುಪಂಚೆಗೆ ಇಳಿದದ್ದು ಬಡವರೊಂದಿಗೆ ಒಂದಾಗುವ ನಿರ್ಧಾರ. ಆ ಪಂಚೆ ತೆರೆಯ ಮೇಲೆ ಗಿರಣಿಯ ನಯದಲ್ಲಿ ಹೊಳೆದಿದ್ದರೆ ಆ ನಿರ್ಧಾರವೇ ಹುಸಿಯಾಗಿ ಕಾಣುತ್ತಿತ್ತು.

ಗಾಂಧೀಜಿಯವರ ಅಂತಿಮಯಾತ್ರೆಯ ದೃಶ್ಯವನ್ನು 1981ರ ಜನವರಿ 31ರಂದು ದೆಹಲಿಯ ರಾಜಪಥದಲ್ಲಿ ಚಿತ್ರೀಕರಿಸಿದರು. ಸೇರಿದ್ದು ಮೂರು ಲಕ್ಷಕ್ಕೂ ಹೆಚ್ಚು ಜನ. ತೆರೆಯ ಮೇಲೆ ಅದು ಉಳಿಯುವುದು ಎರಡು ನಿಮಿಷದ ಆಸುಪಾಸು. ಅಷ್ಟು ಜನರ ಕಡಲಿನಿಂದ ಹಿಡಿದು ಬೆನ್ ಕಿಂಗ್‌ಸ್ಲೆ ಉಟ್ಟ ಒಂದೇ ಪಂಚೆಯವರೆಗೆ, ರೋಹಿಣಿ ಹಟ್ಟಂಗಡಿಯವರ ಕಸ್ತೂರಬಾ ಸೀರೆಗಳವರೆಗೆ, ಎಲ್ಲಿಯೂ ವೇಷ ಹಾಕಿಕೊಂಡಂತೆ ಅನಿಸುವುದಿಲ್ಲ. ಆ ವರ್ಷ ವಸ್ತ್ರವಿನ್ಯಾಸಕ್ಕೆ ಎದುರಾಳಿಗಳಾಗಿದ್ದ ಚಿತ್ರಗಳು ‘ಟ್ರಾನ್’, ‘ಲಾ ತ್ರಾವಿಯಾತಾ’, ‘ವಿಕ್ಟರ್/ವಿಕ್ಟೋರಿಯಾ’, ‘ಸೋಫೀಸ್ ಚಾಯ್ಸ್’. ಹೊಳಪು, ವೈಭವ, ಭವಿಷ್ಯಲೋಕದ ಕಲ್ಪನೆ ಎಲ್ಲವೂ ಆ ಪಟ್ಟಿಯಲ್ಲಿದ್ದವು. ಗೆದ್ದದ್ದು ಕೈನೂಲಿನ ಬಟ್ಟೆ. ವೇದಿಕೆಯ ಮೇಲೆ ಭಾನು ಆಡಿದ್ದು ಎರಡು ಮಾತು; ಜಗತ್ತಿನ ಗಮನವನ್ನು ಭಾರತದ ಕಡೆ ಸೆಳೆದದ್ದಕ್ಕಾಗಿ ಅಟೆನ್‌ಬರೊ ಅವರಿಗೆ ಕೃತಜ್ಞತೆ ಹೇಳಿ ಇಳಿದರು.

ಹನ್ನೊಂದು ಆಟಗಾರರು, ಹನ್ನೊಂದು ಬಾಳು

ಆಸ್ಕರ್ ಬಂದ ಮೇಲೂ ಅವರು ಹಿಂದಿ ಸಿನಿಮಾದಲ್ಲೇ ಉಳಿದರು. ಗುಲ್ಜಾರರ ‘ಲೇಕಿನ್’ (1990) ರಾಜಸ್ಥಾನದ ಮರಳುಗಾಡಿನಲ್ಲಿ ಅಲೆಯುವ ಒಂದು ಆತ್ಮದ ಕಥೆ. ಡಿಂಪಲ್ ಕಪಾಡಿಯಾ ಅವರ ರೇವಾ ಈ ಲೋಕದವಳೂ ಹೌದು, ಅಲ್ಲವೂ ಹೌದು. ಘಾಗ್ರಾ, ಓಢಣಿ ಆ ನೆಲದವೇ ಆಗಿರುತ್ತ, ಅವಳ ಸುತ್ತ ಒಂದು ನಿಗೂಢತೆ ಉಳಿಯಬೇಕಿತ್ತು. ಆ ಕೆಲಸಕ್ಕೆ ಭಾನು ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಎರಡನೆಯ ರಾಷ್ಟ್ರಪ್ರಶಸ್ತಿ ತಂದದ್ದು ಆಶುತೋಷ್ ಗೋವಾರಿಕರ್ ಅವರ ‘ಲಗಾನ್’ (2001). ಆಗ ಅವರಿಗೆ ಎಪ್ಪತ್ತು ದಾಟಿತ್ತು. ಕಥೆಯ ಕಾಲ 1893. ಚಿತ್ರೀಕರಣ ಕಚ್ಛದ ಬಿಸಿಲಿನಲ್ಲಿ. ಈ ಚಿತ್ರದ ಉಡುಪನ್ನು ಬಿಡಿಸಿ ನೋಡಿದರೆ ವಸ್ತ್ರವಿನ್ಯಾಸ ಎಂದರೇನೆಂಬುದು ಸಲೀಸಾಗಿ ಅರ್ಥವಾಗುತ್ತದೆ. ಕ್ರಿಕೆಟ್ ಮೈದಾನದ ಒಂದು ಬದಿಯಲ್ಲಿ ಇಂಗ್ಲಿಷರ ತಂಡ: ಎಲ್ಲರದೂ ಒಂದೇ ಬಿಳಿ ಉಡುಪು. ಇನ್ನೊಂದು ಬದಿಯಲ್ಲಿ ಚಂಪಾನೇರ್ ಎಂಬ ಹಳ್ಳಿಯ ಹನ್ನೊಂದು ಮಂದಿ. ಭುವನ್ ರೈತ. ಇಸ್ಮಾಯಿಲ್ ಕುಂಬಾರ, ಅರ್ಜನ್ ಕಮ್ಮಾರ, ಲಾಖಾ ಸೌದೆ ಕಡಿಯುವವನು, ಭೂರಾ ಕೋಳಿ ಸಾಕುವವನು, ಈಶ್ವರ್ ವೈದ್ಯ, ಗುರನ್ ಭವಿಷ್ಯ ನುಡಿಯುವವನು, ದೇವಾ ಸೈನ್ಯ ಬಿಟ್ಟುಬಂದ ಸಿಖ್ಖ, ಕಚ್ರಾ ಊರಾಚೆ ಇಟ್ಟ ಜಾತಿಯವನು. ಎಲ್ಲರೂ ಬಡವರು. ಎಲ್ಲರದೂ ಮಣ್ಣಿನ ಬಣ್ಣದ ಹತ್ತಿಬಟ್ಟೆ. ಹೀಗಿದ್ದೂ ದೂರದ ಶಾಟಿನಲ್ಲಿ ಓಡುತ್ತಿರುವವನು ಯಾರೆಂದು ಪ್ರೇಕ್ಷಕರಿಗೆ ಕೂಡಲೇ ಗೊತ್ತಾಗುತ್ತದೆ. ರುಮಾಲಿನ ಸುತ್ತು, ಅಂಗಿಯ ಕಟ್ಟು, ಬಟ್ಟೆಯ ಮಾಸಲು ಮಟ್ಟ, ಮೈಮೇಲಿನ ತಾಯಿತ ಅಥವಾ ಮಣಿಸರ ಒಬ್ಬೊಬ್ಬರ ಕಸುಬನ್ನೂ ನಂಬಿಕೆಯನ್ನೂ ಹೇಳುತ್ತವೆ. ಒಂದೇ ಸಮವಸ್ತ್ರದ ಎದುರು ಹನ್ನೊಂದು ಬಗೆಯ ಬಾಳು ನಿಂತು ಒಂದು ತಂಡವಾಗುತ್ತದೆ. ಚಿತ್ರಕಥೆ ಮೂರೂವರೆ ಗಂಟೆ ಹೇಳುವ ಮಾತು ಅದೇ.

ಪ್ರಶಸ್ತಿ ಮರಳಿ ಹೋದ ಕಥೆ

2010ರಲ್ಲಿ ಭಾನು ಅವರ ‘ದಿ ಆರ್ಟ್ ಆಫ್ ಕಾಸ್ಟ್ಯೂಮ್ ಡಿಸೈನ್’ ಪ್ರಕಟವಾಯಿತು. ರೇಖಾಚಿತ್ರಗಳು, ಆಕರಗಳು, ಚಿತ್ರಗಳ ಹಿಂದಿನ ಆಲೋಚನೆಗಳನ್ನು ಅವರು ಅದರಲ್ಲಿ ದಾಖಲಿಸಿದರು. ಎರಡು ವರ್ಷದ ಬಳಿಕ, 2012ರಲ್ಲಿ, ಆಸ್ಕರ್ ಪ್ರತಿಮೆಯನ್ನು ಸುರಕ್ಷಿತವಾಗಿ ಇಟ್ಟುಕೊಳ್ಳಲೆಂದು ಅಮೆರಿಕದ ಅಕಾಡೆಮಿಗೇ ಮರಳಿಸಿದರು. ತಮ್ಮ ಕಾಲದ ನಂತರ ಭಾರತದಲ್ಲಿ ಅದು ಜೋಪಾನವಾಗಿ ಉಳಿಯುತ್ತದೆಂಬ ಭರವಸೆ ಅವರಿಗಿರಲಿಲ್ಲ. ಶಾಂತಿನಿಕೇತನದಿಂದ ರವೀಂದ್ರನಾಥ ಟ್ಯಾಗೋರರ ನೊಬೆಲ್ ಪದಕ 2004ರಲ್ಲಿ ಕಳುವಾಗಿದ್ದ ದೇಶದಲ್ಲಿ ಆ ಆತಂಕವನ್ನು ಅತಿಯೆನ್ನಲಾಗದು. 2020ರ ಅಕ್ಟೋಬರ್ 15ರಂದು, 91ರ ವಯಸ್ಸಿನಲ್ಲಿ, ಮುಂಬೈಯ ಮನೆಯಲ್ಲಿ ಅವರು ಕೊನೆಯುಸಿರೆಳೆದರು. ಅದೇ ವರ್ಷದ ಕೊನೆಗೆ ಪ್ರಿನ್ಸೆಪ್ಸ್ ಎಂಬ ಹರಾಜು ಸಂಸ್ಥೆ ಅವರ ಹಳೆಯ ವರ್ಣಚಿತ್ರಗಳನ್ನು ಹೊರತಂದಾಗ, 1953ರ ಆ ಚಿತ್ರಕಾರ್ತಿ ಇದ್ದರೆಂಬುದು ಬಹಳ ಜನರಿಗೆ ಮೊದಲ ಬಾರಿಗೆ ತಿಳಿಯಿತು.

ಈ ಘಟನೆಗಳು ಒಬ್ಬರ ಬದುಕಿನ ಸಂಗತಿಯಾಗಿ ಮುಗಿಯುವುದಿಲ್ಲ. ಆಸ್ಕರ್‌ನಲ್ಲಿ ವಸ್ತ್ರವಿನ್ಯಾಸಕ್ಕೆ ಪ್ರಶಸ್ತಿ ಇರುವುದು 1948ರ ಚಿತ್ರಗಳಿಂದ. ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 1954ರಲ್ಲಿ ಶುರುವಾದರೂ ಈ ಕಲೆಗೆ ಪ್ರತ್ಯೇಕ ಪ್ರಶಸ್ತಿ ಬಂದದ್ದು 1984ರ ಚಿತ್ರಗಳಿಗೆ. ಅಂದರೆ ಭಾನು ಲಾಸ್ ಏಂಜಲಿಸ್‌ನ ವೇದಿಕೆ ಏರಿದಾಗ ಸ್ವದೇಶದಲ್ಲಿ ಅವರ ಕೆಲಸಕ್ಕೆ ಸರ್ಕಾರಿ ಮನ್ನಣೆಯ ಒಂದು ಸಾಲೂ ಇರಲಿಲ್ಲ. ರೀಲುಗಳನ್ನು ಕಾಪಾಡಲು ಪುಣೆಯಲ್ಲಿ 1964ರಲ್ಲೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಬಂತು, 2019ರಲ್ಲಿ ಮುಂಬೈಯಲ್ಲಿ ಸಿನಿಮಾ ವಸ್ತುಸಂಗ್ರಹಾಲಯ ತೆರೆಯಿತು. ಆದರೆ ಚಿತ್ರೀಕರಣ ಮುಗಿದ ಉಡುಪಿನ ಹಣೆಬರಹ ಬಹುಮಟ್ಟಿಗೆ ಹಳೆಯದೇ: ಒಂದನ್ನು ಬಿಚ್ಚಿ ಇನ್ನೊಂದು ಹೊಲಿಯುತ್ತಾರೆ, ಬಾಡಿಗೆ ಅಂಗಡಿಗೆ ಕೊಡುತ್ತಾರೆ, ಗೋದಾಮಿನಲ್ಲಿ ಹುಳಕ್ಕೆ ಬಿಡುತ್ತಾರೆ. ಬಟ್ಟೆಯೂ ರೀಲಿನ ಹಾಗೆ ಸಾಯುತ್ತದೆ. ಜರಿ ಕಪ್ಪಾಗುತ್ತದೆ, ರೇಷ್ಮೆ ಮಡಿಕೆಯಲ್ಲಿ ಹರಿಯುತ್ತದೆ, ಬಣ್ಣ ಬೆಳಕಿಗೆ ಹಾರುತ್ತದೆ. ಅದನ್ನು ಉಳಿಸಲು ತಂಪು, ಕತ್ತಲೆ, ಹದವಾದ ತೇವಾಂಶ ಬೇಕು, ಬಲ್ಲ ಕೈಗಳು ಬೇಕು.

ಉಡುಪಿನ ಜೊತೆಗೆ ಉಳಿಯಬೇಕಾದವು ಇನ್ನೂ ಇವೆ. ಮೊದಲ ರೇಖಾಚಿತ್ರ, ಬಟ್ಟೆಯ ತುಣುಕು ಅಂಟಿಸಿದ ಪುಸ್ತಕ, ದೃಶ್ಯದಿಂದ ದೃಶ್ಯಕ್ಕೆ ಉಡುಪು ಹೊಂದಲೆಂದು (ಕಂಟಿನ್ಯೂಟಿ) ತೆಗೆದ ಚಿತ್ರಗಳು, ಹೊಲಿದ ದರ್ಜಿಯ, ಬಣ್ಣ ಹಾಕಿದವರ ಹೆಸರುಗಳು. ಒಂದು ಚಿತ್ರದ ಉಡುಪು ಹೇಗೆ ಹುಟ್ಟಿತೆಂದು ಮುಂದಿನ ತಲೆಮಾರು ಕಲಿಯುವುದು ಇವುಗಳಿಂದಲೇ. ಕನ್ನಡ ಚಿತ್ರರಂಗಕ್ಕೂ ಈ ಮಾತು ಅಷ್ಟೇ ಸಲ್ಲುತ್ತದೆ. ಐತಿಹಾಸಿಕ, ಪೌರಾಣಿಕ ಚಿತ್ರಗಳ ಇಷ್ಟು ದೊಡ್ಡ ಪರಂಪರೆ ಇರುವ ನಮ್ಮಲ್ಲಿ ಆ ಕಿರೀಟ, ಕವಚ, ಸೀರೆಗಳನ್ನು ರೂಪಿಸಿದವರ ಹೆಸರು ಎಷ್ಟು ಮಂದಿಗೆ ಗೊತ್ತು? ಈಗ ಇರುವ ಹಿರಿಯರ ಬಳಿ ಹೋಗಿ ಅವರ ಕಡತ, ನೆನಪುಗಳನ್ನು ದಾಖಲಿಸುವ ಕೆಲಸ ನಾಳೆಗೆ ಮುಂದೂಡುವಂಥದ್ದಲ್ಲ.

ಪ್ರೇಕ್ಷಕರಾದ ನಾವು ಮಾಡಬಹುದಾದದ್ದೂ ಒಂದಿದೆ. ಮುಂದಿನ ಸಲ ಸಿನಿಮಾ ನೋಡುವಾಗ ಪಾತ್ರದ ಬಟ್ಟೆಗೆ ನಾಲ್ಕು ಪ್ರಶ್ನೆ ಕೇಳಬೇಕು. ಇದನ್ನು ತೊಟ್ಟವರ ಕೈಯಲ್ಲಿ ಎಷ್ಟು ದುಡ್ಡಿದೆ? ಯಾವ ಕೆಲಸ ಮಾಡುತ್ತಾರೆ? ಯಾವ ನೆಲದವರು? ನಿನ್ನೆಯೂ ಇದನ್ನೇ ತೊಟ್ಟಿದ್ದರೇ? ಬಟ್ಟೆ ಈ ನಾಲ್ಕಕ್ಕೂ ಉತ್ತರ ಕೊಟ್ಟರೆ ಅದರ ಹಿಂದೆ ಒಬ್ಬ ಕಲಾವಿದರು ಇದ್ದಾರೆ ಎಂದರ್ಥ. ಚಿತ್ರ ಮುಗಿದ ಮೇಲೆ ತೆರೆಯ ಮೇಲೆ ಸರಿಯುವ ಪಟ್ಟಿಯಲ್ಲಿ ಅವರ ಹೆಸರು ಬರುವವರೆಗೆ ಎದ್ದು ಹೋಗದೆ ಕೂತು ಓದುವುದು ಅವರಿಗೆ ಸಲ್ಲಬೇಕಾದ ಮರ್ಯಾದೆ.